ಒಂದನೇ ಪ್ಲಾಟ್‌ಫಾರಂನ ಇಂಗ್ಲಿಷ್ ಪಾಠ

1961ರ ಜೂನ್ ತಿಂಗಳಲ್ಲಿ ಅರಸೀಕೆರೆಯ ಒಂದು ಹೈಸ್ಕೂಲಿನ ಹನ್ನೊಂದು ವಿದ್ಯಾರ್ಥಿಗಳ ಎಸ್.ಎಸ್.ಎಲ್.ಸಿ. ಫಲಿತಾಂಶವನ್ನು ತಡೆಹಿಡಿಯಲಾಯಿತು. ಅದಕ್ಕೆ ಎರಡು ಆಧಾರಗಳಿದ್ದವು. ಒಂದು, ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ತಿದ್ದಿದವರು ಬರೆದ ಟಿಪ್ಪಣಿ. ಇನ್ನೊಂದು, ಅದೇ ಶಾಲೆಯ ಒಬ್ಬ ಉಪಾಧ್ಯಾಯ ತನ್ನ ಸಹೋದ್ಯೋಗಿಯ ಮೇಲೆ ಬರೆದುಕೊಟ್ಟಿದ್ದ ಒಂಬತ್ತು ವರದಿಗಳು. ಆ ಒಂಬತ್ತನ್ನೂ ಬರೆದವನು ನಾನು.

ಕಳೆದ ಫೆಬ್ರವರಿಯಲ್ಲಿ ರೈಲು ಬದಲಾಯಿಸಲು ಅರಸೀಕೆರೆಯಲ್ಲಿ ಇಳಿದೆ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿದೆ, ಕಲ್ಲಿದ್ದಲ ಹೊಗೆ ಇಲ್ಲ, ಪ್ಲಾಟ್‌ಫಾರಂ ಎತ್ತರವಾಗಿದೆ. ನನಗೆ ಗುರುತಿನ ಕಂಬವೊಂದೂ ಕಾಣಲಿಲ್ಲ. ಪಾರ್ಸೆಲ್ ಆಫೀಸಿನ ಮುಂದೆ ಕೊಬ್ಬರಿ ಚೀಲಗಳನ್ನು ಒಟ್ಟಿದ್ದರು. ಬಿಸಿಲಿಗೆ ಬೆಚ್ಚಗಾದ ಗೋಣಿ ಮತ್ತು ಕೊಬ್ಬರಿಯ ವಾಸನೆ ಒಟ್ಟಿಗೆ ಬಂದಾಗ ನಾನು ಯಾವ ಬೆಂಚಿನ ಹತ್ತಿರ ನಿಂತಿದ್ದೇನೆಂದು ಗೊತ್ತಾಯಿತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪತ್ರಿಕೆಯ ಕೆಲಸ ಮಾಡಿ ಮನೆಗೆ ಬಂದವನು ನಾನು. ಬೇರೆಯವರು ಬರೆದ ಸಾವಿರಾರು ವರದಿಗಳನ್ನು ತಿದ್ದಿದ್ದೇನೆ. ನನ್ನ ಮೊದಲ ಒಂಬತ್ತರ ಬಗ್ಗೆ ಈವರೆಗೆ ಎಲ್ಲೂ ಬರೆದಿಲ್ಲ.

ಆಗ ನನಗೆ ಇಪ್ಪತ್ತಮೂರು ವರ್ಷ. ಲೆಕ್ಕದ ಉಪಾಧ್ಯಾಯ, ತಾತ್ಕಾಲಿಕ ನೇಮಕ. ಸ್ಟೇಷನ್ ರಸ್ತೆಯಲ್ಲಿ ಒಂದು ಮಾಳಿಗೆ ಕೋಣೆ ಹಿಡಿದಿದ್ದೆ. ಅದರ ಕಿಟಕಿ ತೆರೆದರೆ ಬೇಲಿಯಾಚೆ ಒಂದನೇ ಪ್ಲಾಟ್‌ಫಾರಂ ಉದ್ದಕ್ಕೂ ಕಾಣುತ್ತಿತ್ತು. ಈ ಕಿಟಕಿಯ ಕಾರಣದಿಂದಲೇ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಸಂಕ್ರಾಂತಿ ಕಳೆದು ಒಂದು ವಾರವಾಗಿರಬೇಕು. ಹೆಡ್‌ಮಾಸ್ಟರ್ ಗುರುಶಾಂತಪ್ಪನವರು ಶಾಲೆ ಬಿಟ್ಟ ಮೇಲೆ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ತೆಂಗಿನ ತೋಟದವರ ಮನೆತನದ ಅವರು ದೊಡ್ಡ ಧ್ವನಿಯ ಮನುಷ್ಯ. ಆ ದಿನ ಮಾತ್ರ ಮೆಲ್ಲಗೆ ಮಾತಾಡಿದರು. ಮೇಜಿನ ಮೇಲೆ ಒಂದು ಮೂಗರ್ಜಿ ಇತ್ತು. ಸಹಿ ಇದ್ದ ಕಡೆ ‘ಒಬ್ಬ ಹಿತೈಷಿ’ ಎಂದಿತ್ತು. ಇಂಗ್ಲಿಷ್ ಮೇಷ್ಟ್ರಾದ ತಿರುಮಲಾಚಾರ್ಯರು ಕೆಲವು ವಿದ್ಯಾರ್ಥಿಗಳನ್ನು ದಿನಾ ಸಂಜೆ ರೈಲ್ವೆ ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತಾರೆ, ಬೆಂಗಳೂರಿನಿಂದ ತರಿಸಿದ ಪ್ರಶ್ನೆಪತ್ರಿಕೆ ತೋರಿಸುತ್ತಾರೆ ಎಂಬುದು ಅದರ ಸಾರಾಂಶ.

“ನೋಡಿ ಮೂರ್ತಿ, ನಾನು ಇದನ್ನ ನಂಬ್ತೀನಿ ಅಂತಿಲ್ಲ. ನಂಬಲ್ಲ ಅಂತಲೂ ಇಲ್ಲ,” ಎಂದರು. “ನಿಮ್ಮ ಕಿಟಕಿಯಿಂದ ಕಾಣುತ್ತಲ್ಲ. ನೋಡಿದ್ದನ್ನ ಮಾತ್ರ ಬರೀರಿ. ಮೆಲ್ಲಗೆ, ಜೋರಾಗಿ, ಒಳ್ಳೇದು, ಕೆಟ್ಟದ್ದು, ಆ ಬಣ್ಣ ಎಲ್ಲ ನನಗೆ ಬೇಡ. ಯಾರು, ಎಲ್ಲಿ, ಏನು ಮಾಡಿದ್ರು, ಅಷ್ಟೇ. ಇಂಗ್ಲಿಷಲ್ಲಿರಲಿ. ಮೇಲಕ್ಕೆ ಕಳಿಸಬೇಕಾಗಿ ಬರಬಹುದು.”

ನಾನು ಎದ್ದು ಬಾಗಿಲಿಗೆ ಬಂದಾಗ ಇನ್ನೆರಡು ಮಾತು ಸೇರಿಸಿದರು. “ಗುರುವಾರ ಸರಿಯಾಗಿ ನೋಡಿ. ನಿಮ್ಮ ಕಾಯಂ ಕಾಗದಾನೂ ಮೇಲಕ್ಕೇ ಹೋಗಬೇಕಲ್ಲ, ನೆನಪಿರಲಿ.”

ಮೂಗರ್ಜಿಯಲ್ಲಿ ಗುರುವಾರದ ಮಾತಿರಲಿಲ್ಲ. ಅದನ್ನು ನಾನು ಆಗ ಗಮನಿಸಲಿಲ್ಲ.

ತಿರುಮಲಾಚಾರ್ಯರಿಗೆ ನಲವತ್ತೈದರ ಆಸುಪಾಸು. ಬೇಲೂರಿನ ದೇವಸ್ಥಾನದ ಸೇವೆಯಲ್ಲಿದ್ದ ಮನೆತನ. ಅಣ್ಣ ಅಲ್ಲೇ ಕೈಂಕರ್ಯ ಮಾಡಿಕೊಂಡಿದ್ದರು. ಇವರು ಕಚ್ಚೆಪಂಚೆ, ಮುಚ್ಚುಗೊರಳಿನ ಕೋಟು, ಕೊಡೆ ಹಿಡಿದು ಶಾಲೆಗೆ ಬರುತ್ತಿದ್ದರು. ಹಣೆಯ ನಾಮ ಸಂಜೆಯವರೆಗೂ ಒಂದಿಷ್ಟೂ ಅಳಿಸುತ್ತಿರಲಿಲ್ಲ. ಉಪಾಧ್ಯಾಯರ ಕೋಣೆಯಲ್ಲಿ ಹೆಚ್ಚು ಮಾತಾಡುವವರಲ್ಲ. ಹೆಚ್ಚು ಮಾತಾಡದವರ ಮೇಲೆ ಅನುಮಾನ ಪಡುವುದು ಸುಲಭ ಎಂಬುದು ನನಗೆ ಆ ವರ್ಷ ಅನುಭವಕ್ಕೆ ಬಂತು.

ಅವರ ಪಾಠ ಗೋಡೆಯಾಚೆ ನನ್ನ ತರಗತಿಗೆ ಕೇಳಿಸುತ್ತಿತ್ತು. ಇಂಗ್ಲಿಷಿನ ಗುಣವಾಚಕ ಯಾವುದು, ಕ್ರಿಯಾವಿಶೇಷಣ ಯಾವುದು, ಯಾವುದನ್ನು ಯಾವ ಜಾಗದಲ್ಲಿ ಹಾಕಬೇಕು, ಇದರ ಮೇಲೆಯೇ ತಿಂಗಳುಗಟ್ಟಲೆ ಕೂತಿದ್ದರು. ನಮ್ಮ ಮಕ್ಕಳು ಪಬ್ಲಿಕ್ ಪರೀಕ್ಷೆಯಲ್ಲಿ ಮುಗ್ಗರಿಸುವುದು ಅಲ್ಲೇ ಎಂಬುದು ಅವರ ಲೆಕ್ಕ. “ಕನ್ನಡದಲ್ಲಿ ‘ನಿಧಾನವಾದ’ ಅಂದ್ರೆ ಅದು ಬೇಲೂರು. ಒಂದು ವಸ್ತುವಿನ ಪಕ್ಕ ಕಲ್ಲಿನ ಹಾಗೆ ನಿಂತಿರುತ್ತೆ. ‘ನಿಧಾನವಾಗಿ’ ಅಂದ್ರೆ ಅರಸೀಕೆರೆ. ಏನೋ ನಡೀತಿರಬೇಕು, ಬರ್ತಿರಬೇಕು, ಹೋಗ್ತಿರಬೇಕು,” ಎನ್ನುತ್ತಿದ್ದರು. ಸ್ಲೋ ಟ್ರೈನ್ ಬೇಲೂರು, ಟ್ರೈನ್ ಕೇಮ್ ಸ್ಲೋಲಿ ಅರಸೀಕೆರೆ. ಒಬ್ಬ ಹುಡುಗ ಸ್ಟೇಷನ್ ಮಾಸ್ಟರ್ ವರ್ಕ್ಸ್ ಹಾರ್ಡ್ಲಿ ಎಂದು ಬರೆದಿದ್ದಕ್ಕೆ, “ಅಯ್ಯೋ ಪಾಪಿ, ಅವರು ಕೆಲಸವನ್ನೇ ಮಾಡಲ್ಲ ಅಂತ ಬರೆದೆಯಲ್ಲೋ, ಅವರ ಕಾಯಂ ಹೋಗುತ್ತೆ ಕಣೋ,” ಎಂದದ್ದೂ ಕೇಳಿಸಿತ್ತು. ಇಡೀ ತರಗತಿ ನಕ್ಕಿತು. ಕಾಯಂ ಎಂಬ ಮಾತಿಗೆ ನನಗೆ ನಗು ಬರಲಿಲ್ಲ.

ಮೊದಲ ಸಂಜೆಯೇ ಮೂಗರ್ಜಿಯ ಅರ್ಧ ನಿಜವೆಂದು ಗೊತ್ತಾಯಿತು. ಐದು ಗಂಟೆಯ ಹೊತ್ತಿಗೆ ಆಚಾರ್ಯರು ಬಂದರು. ಬಾಣಾವರದ ಕಡೆ ಹೋಗುವ ಪ್ಯಾಸೆಂಜರಿಗೆ ಕಾಯುವ ಹುಡುಗರು ಮತ್ತು ಸ್ಟೇಷನ್ ಹತ್ತಿರವೇ ಇದ್ದ ಮೂರು ನಾಲ್ಕು ಮಂದಿ ಸೇರಿ ಹನ್ನೊಂದು ಜನ ಬೆಂಚಿನ ಸುತ್ತ ಇದ್ದರು. ಅವರಲ್ಲಿ ಒಬ್ಬಳೇ ಹುಡುಗಿ, ಜಾವಗಲ್ಲಿನ ಗಂಗಾಂಬಿಕೆ. ಸ್ಟೇಷನ್ ರಸ್ತೆಯ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಆಚಾರ್ಯರು ಕೋಟಿನ ಜೇಬಿನಿಂದ ಸಣ್ಣ ಕಾಗದದ ಚೂರುಗಳನ್ನು ತೆಗೆದು ಒಬ್ಬೊಬ್ಬರಿಗೆ ಕೊಟ್ಟರು. ಅವರು ಓದಿದರು, ಏನೋ ಬರೆದರು. ರೈಲು ಬರುವ ಮೊದಲು ಆಚಾರ್ಯರು ಎಲ್ಲ ಚೂರುಗಳನ್ನೂ ಎಣಿಸಿ ವಾಪಸು ಪಡೆದರು.

ಆ ಸಂಜೆ ನಾನು ಇಂಗ್ಲಿಷಿನಲ್ಲಿ ಬರೆದದ್ದರ ಕಾರ್ಬನ್ ಪ್ರತಿ ಬಹಳ ಕಾಲ ನನ್ನ ಹತ್ತಿರ ಇತ್ತು. ಕನ್ನಡದಲ್ಲಿ ಹೇಳಿದರೆ ಇಷ್ಟು: ಉಪಾಧ್ಯಾಯರು ಪ್ಲಾಟ್‌ಫಾರಂನಲ್ಲಿ ಹನ್ನೊಂದು ವಿದ್ಯಾರ್ಥಿಗಳಿಗೆ ಕಾಗದ ಕೊಟ್ಟರು. ವಿದ್ಯಾರ್ಥಿಗಳು ಓದಿದರು. ಉಪಾಧ್ಯಾಯರು ಕಾಗದ ವಾಪಸು ಪಡೆದರು. ಇದರಲ್ಲಿ ಒಂದು ಸುಳ್ಳೂ ಇಲ್ಲ. ಹೆಡ್‌ಮಾಸ್ಟರು ಓದಿ, “ಅಚ್ಚುಕಟ್ಟು,” ಎಂದರು. ನನ್ನ ಬರವಣಿಗೆಯನ್ನು ಯಾರಾದರೂ ಮೆಚ್ಚಿದ್ದು ಅದೇ ಮೊದಲು. ನನಗೆ ಸಂತೋಷವಾಯಿತು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಗುರುವಾರ ಬೆಂಗಳೂರಿನ ಗಾಡಿ ಬಂತು. ಗಾರ್ಡು ಹಿಂದಿನ ಡಬ್ಬಿಯಿಂದ ಇಳಿದು ಆಚಾರ್ಯರಿಗೆ ಒಂದು ದಪ್ಪ ಕಂದು ಲಕೋಟೆ ಕೊಟ್ಟ. ಇಬ್ಬರೂ ಎರಡು ನಿಮಿಷ ಮಾತಾಡಿದರು. ಮುಂದಿನ ಗುರುವಾರವೂ ಹಾಗೇ ಆಯಿತು. ಮೂರನೇ ಗುರುವಾರ ನಾನು ಪೇಪರು ಕೊಳ್ಳುವವನಂತೆ ಪ್ಲಾಟ್‌ಫಾರಂಗೇ ಹೋಗಿ ನಿಂತೆ. ಹುಡುಗರ ಕೈಯಲ್ಲಿದ್ದ ಚೂರು ಕಣ್ಣಿಗೆ ಬಿತ್ತು. ಇಂಗ್ಲಿಷಿನ ಅಚ್ಚಾದ ಕಾಗದ, ಮಧ್ಯೆ ಮಧ್ಯೆ ಕಪ್ಪು ಶಾಯಿ ಬಳಿದು ಮುಚ್ಚಿದ ಜಾಗಗಳು. ಇಷ್ಟು ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಪ್ರಶ್ನೆಪತ್ರಿಕೆ ಎಲ್ಲಿಂದ ಬಂತೆಂದು ಗೊತ್ತಾಗಬಾರದು ಅಂತ ಶಾಯಿ ಬಳಿದಿದ್ದಾರೆ ಎಂದುಕೊಂಡೆ.

ಮಾರನೇ ದಿನ ಗಂಗಾಂಬಿಕೆಯನ್ನು ಜಗಲಿಯಲ್ಲಿ ತಡೆದು, ಆ ಕಾಗದದಲ್ಲಿ ಏನಿತ್ತಮ್ಮಾ ಎಂದು ಕೇಳಿದೆ.

“ಹೇಳಬಾರದು ಅಂದಿದಾರೆ ಸಾರ್,” ಎಂದಳು.

“ಯಾರು?”

“ಮೇಷ್ಟ್ರು.” ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ನೀವ್ಯಾಕೆ ಕೇಳ್ತೀರಿ ಸಾರ್?”

ನಾನು ಸುಮ್ಮನೆ ಎಂದೆ. ಸಂಜೆ ಐದನೇ ವರದಿಯಲ್ಲಿ ಬರೆದೆ: ಕಾಗದದ ವಿಷಯ ಹೇಳಲು ವಿದ್ಯಾರ್ಥಿನಿ ನಿರಾಕರಿಸಿದಳು.

ಫೆಬ್ರವರಿಯಲ್ಲಿ ಆಚಾರ್ಯರು ಅದೇ ಹನ್ನೊಂದು ಜನರನ್ನು ಹಳೇಬೀಡು, ಬೇಲೂರಿಗೆ ಕರೆದುಕೊಂಡು ಹೋಗಲು ಅನುಮತಿ ಕೇಳಿದರು. ಜೊತೆಗೆ ಇನ್ನೊಬ್ಬ ಉಪಾಧ್ಯಾಯರು ಇರಬೇಕೆಂದು ಹೆಡ್‌ಮಾಸ್ಟರು ನನ್ನನ್ನು ಕಳಿಸಿದರು. ಬೆಳಗಿನ ಬಸ್ಸು. ಕಿಟಕಿಗೆ ಗಾಜಿಲ್ಲದ್ದರಿಂದ ಜಾವಗಲ್ಲು ತಲುಪುವಷ್ಟರಲ್ಲಿ ಎಲ್ಲರ ಹುಬ್ಬೂ ಧೂಳಿಗೆ ಕೆಂಪಾಗಿತ್ತು. ಅಲ್ಲಿ ಗಂಗಾಂಬಿಕೆಯ ತಂದೆ ಬಸಪ್ಪ ಎಳನೀರಿನ ಗೊನೆ ಹಿಡಿದು ಕಾದಿದ್ದ. ತೆಂಗಿನಕಾಯಿ ಮಂಡಿ ಇಟ್ಟುಕೊಂಡಿದ್ದವನು. ಡ್ರೈವರಿಗೂ ಒಂದು ಕೆತ್ತಿ ಕೊಟ್ಟು ಬಸ್ಸು ನಿಲ್ಲಿಸಿಕೊಂಡ. ನನ್ನನ್ನು ಪಕ್ಕಕ್ಕೆ ಕರೆದು ಮಗಳ ವಿಷಯ ಹೇಳಿದ.

“ಈ ಸಲ ಪಾಸಾದ್ರೆ ಹಾಸನದಾಗೆ ಮೇಷ್ಟ್ರು ಟ್ರೈನಿಂಗಿಗೆ ಕಳಿಸ್ತೀನಿ ಅಂತ ಮಾತು ಕೊಟ್ಟಿವ್ನಿ ಸಾ. ಇಲ್ಲ ಅಂದ್ರೆ ಮಂಡೀಲಿ ಬಂದು ಕೂತ್ಕಬೇಕು. ಅದೂ ಮಾತೇ. ಎಲ್ಡನೇ ಸಲ ಅಂಬೋದು ನಮ್ಮನೇಲಿ ಇಲ್ಲ. ಇಂಗ್ಲೀಸು ಒಂದು ದಾಟಿದ್ರೆ ಆಯ್ತು ಅಂತಾಳೆ. ದಾಟ್ತಾಳಾ ಸಾ?”

ದಾಟಬಹುದು ಎಂದೆ. ಹೇಗೆ ದಾಟುತ್ತಾಳೆಂದು ನನಗೆ ಗೊತ್ತಿದೆ ಎಂದು ಒಳಗೇ ಅಂದುಕೊಂಡೆ.

ಹಳೇಬೀಡಿನಲ್ಲಿ ಆಚಾರ್ಯರು ಗುಡಿಯ ಹೊರಗೋಡೆಯ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬರು ಒಂದೊಂದು ಶಿಲ್ಪ ಆರಿಸಿಕೊಂಡು ಅದಕ್ಕೆ ಒಂದು ಗುಣವಾಚಕ ಹೇಳಬೇಕು. “ಬ್ಯೂಟಿಫುಲ್ ಅಂದವರು ಅರಸೀಕೆರೆಗೆ ನಡ್ಕೊಂಡು ಬರ್ತಾರೆ,” ಎಂದರು. ಹುಡುಗರಿಗೆ ಬಾಯಿ ಕಟ್ಟಿಹೋಯಿತು. ಅವರಲ್ಲಿದ್ದ ಪದವೇ ಅದೊಂದು. ಗಂಗಾಂಬಿಕೆ ಬಹಳ ಹೊತ್ತು ಬಗ್ಗಿ ಕೆಳಗಿನ ಆನೆಗಳ ಸಾಲು ನೋಡಿ, “ಟೈರ್ಡ್,” ಎಂದಳು.

“ಕಲ್ಲಿನ ಆನೆಗೆ ಆಯಾಸ ಎಲ್ಲಿಂದ ಬಂತಮ್ಮ?”

“ಮೇಲಿನ ಗುಡಿ ಎಲ್ಲ ಅವೇ ಹೊತ್ಕೊಂಡಿದಾವಲ್ಲ ಸಾರ್.”

ಆಚಾರ್ಯರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ತಾವೂ ಬಗ್ಗಿ ಆ ಆನೆಗಳನ್ನು ನೋಡಿದರು. ಆ ಕ್ಷಣ ನನಗೆ ಒಂದು ಸಂಶಯ ಬಂದದ್ದು ನಿಜ. ಪ್ರಶ್ನೆಪತ್ರಿಕೆ ಕೈಯಲ್ಲಿದ್ದವರು ಇಷ್ಟು ಕಷ್ಟ ಯಾಕೆ ಪಡುತ್ತಾರೆ? ಆದರೆ ಸಂಶಯ ನೋಡಿದ ವಿಷಯವಲ್ಲವಲ್ಲ. ಬರೆಯಲಿಲ್ಲ.

ಬೇಲೂರಿನಲ್ಲಿ ಮಕ್ಕಳು ಪ್ರಾಕಾರದ ನೆರಳಲ್ಲಿ ಊಟಕ್ಕೆ ಕೂತಾಗ ಆಚಾರ್ಯರು ಅಣ್ಣನ ಮನೆಗೆ ಹೋಗಿ ಅರ್ಧ ಗಂಟೆಯ ಮೇಲೆ ಹೊರಬಂದರು. ಕಂಕುಳಲ್ಲಿ ಬಾಳೆಲೆಯ ಮೇಲೆ ಬಟ್ಟೆ ಸುತ್ತಿದ ಒಂದು ಗಂಟಿತ್ತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದರು, ಯಾರ ಕೈಗೂ ಕೊಡಲಿಲ್ಲ. ಏಳನೇ ವರದಿ: ಉಪಾಧ್ಯಾಯರು ಬೇಲೂರಿನ ಒಂದು ಮನೆಯಿಂದ ಗಂಟು ಪಡೆದರು. ಮೂರು ದಿನದ ಮೇಲೆ ಉಪಾಧ್ಯಾಯರ ಕೋಣೆಯಲ್ಲಿ ನನಗೂ ಒಂದು ಮುದ್ದೆ ಪುಳಿಯೋಗರೆ ಸಿಕ್ಕಿತು. ಅಣ್ಣನ ಮನೆಯ ಗೊಜ್ಜು, ಅತ್ತಿಗೆ ಕಟ್ಟಿಕೊಟ್ಟಿದ್ದು, ಎಣ್ಣೆ ಒಸರುತ್ತೆ ಅಂತ ಮಡಿಲಲ್ಲೇ ಇಟ್ಟುಕೊಂಡು ಬಂದೆ ಎಂದರು. ಏಳನೇ ವರದಿಯನ್ನು ನಾನು ವಾಪಸು ಕೇಳಲಿಲ್ಲ.

ಮಾರ್ಚ್ ಕೊನೆಗೆ ಪರೀಕ್ಷೆ ಮುಗಿಯಿತು. ಬಿಸಿಲು ಏರಿತು. ಮಾಲೇಕಲ್ಲಿನ ಬೆಟ್ಟ ಮಧ್ಯಾಹ್ನದ ಹೊತ್ತು ಬಿಳಿ ಕಾಣುತ್ತಿತ್ತು. ನನ್ನ ವರದಿಗಳು ಹೆಡ್‌ಮಾಸ್ಟರ ಮೇಜಿನಲ್ಲೇ ಇವೆ ಎಂದುಕೊಂಡಿದ್ದೆ. ಅವು ಎಂದು ಮೇಲಕ್ಕೆ ಹೋದವೋ ನನಗೆ ತಿಳಿಸಲಿಲ್ಲ. ಜೂನಿನಲ್ಲಿ ಫಲಿತಾಂಶ ಬಂದಾಗ ಆ ಹನ್ನೊಂದು ನಂಬರುಗಳ ಮುಂದೆ ಏನೂ ಇರಲಿಲ್ಲ.

ಆ ಸಲದ ಇಂಗ್ಲಿಷ್ ಪತ್ರಿಕೆಯಲ್ಲಿ ರೈಲ್ವೆ ಸ್ಟೇಷನ್ನಿನ ಮೇಲೆ ಹತ್ತು ವಾಕ್ಯ ಬರೆಯಲು ಕೇಳಿದ್ದರು. ತಿದ್ದಿದವರ ಟಿಪ್ಪಣಿ ಶಾಲೆಗೆ ಬಂದಾಗ ಹೆಡ್‌ಮಾಸ್ಟರು ನನಗೂ ತೋರಿಸಿದರು. ಈ ಹನ್ನೊಂದು ಜನರೂ ಒಬ್ಬನೇ ಮುದುಕ ಪೋರ್ಟರನ್ನು ವರ್ಣಿಸಿದ್ದಾರೆ. ಹನ್ನೊಂದರಲ್ಲೂ ಅವನಿಗೆ ಬಿಳಿ ಗಡ್ಡ, ಕುಂಟು ಕಾಲು. ಹನ್ನೊಂದರಲ್ಲೂ ಅವನು ಭಾರದ ಪೆಟ್ಟಿಗೆಯನ್ನು ಜೆಂಟ್ಲಿ ಇಳಿಸುತ್ತಾನೆ. ಹನ್ನೊಂದು ಮಂದಿ ಒಂದೇ ಮನುಷ್ಯನನ್ನು ಕಲ್ಪಿಸಿಕೊಳ್ಳಲು ಸಾಧ್ಯವಿಲ್ಲ. ಪ್ರಶ್ನೆ ಮೊದಲೇ ತಿಳಿದು ಉತ್ತರ ಬಾಯಿಪಾಠ ಮಾಡಿಸಲಾಗಿದೆ. ಇದು ಟಿಪ್ಪಣಿಯ ತೀರ್ಮಾನ. ಅದರ ಕೆಳಗೆ ನನ್ನ ಒಂಬತ್ತು ವರದಿಗಳನ್ನು ಲಗತ್ತಿಸಿದ್ದರು. ಒಂದಕ್ಕೊಂದು ಹೊಂದಿಕೊಂಡಿದ್ದವು.

ಊರಿನಲ್ಲಿ ಮಾತು ಹರಡಿತು. ಆಚಾರ್ಯರು ಬಂದರೆ ಅಂಗಡಿಯವರು ಮಾತು ನಿಲ್ಲಿಸುತ್ತಿದ್ದರು. ನಾನು ಬಂದರೂ ನಿಲ್ಲಿಸುತ್ತಿದ್ದರು. ಮೂಗರ್ಜಿ ಬರೆದವರು ಸ್ಟೇಷನ್ ಕಾಣುವ ಕಿಟಕಿಯವರೇ ಎಂದು ಹೋಟೆಲಿನಲ್ಲಿ ಯಾರೋ ನನಗೆ ಕೇಳುವಂತೆ ಅಂದರು. ನಾನು ಹೆಡ್‌ಮಾಸ್ಟರ ಗುರುವಾರವನ್ನು ನೆನಪಿಸಿಕೊಂಡದ್ದು ಆಗ. ಅವರ ಅಕ್ಕನ ಮಗನೊಬ್ಬ ಇಂಗ್ಲಿಷ್ ಬಿ.ಎ. ಮಾಡಿ ಕೆಲಸ ಹುಡುಕುತ್ತಿದ್ದ ಎಂಬುದೂ ನೆನಪಾಯಿತು. ಇವೆರಡನ್ನೂ ಕೂಡಿಸಿ ಏನು ಬರುತ್ತದೆಂದು ಲೆಕ್ಕದ ಮೇಷ್ಟ್ರಿಗೆ ಯಾರೂ ಹೇಳಬೇಕಿರಲಿಲ್ಲ. ಆದರೆ ಆಚಾರ್ಯರ ವಿಷಯದಲ್ಲೂ ಹಾಗೆ ಕೂಡಿಸಿಯೇ ನಾನು ಅಲ್ಲಿಗೆ ಬಂದು ನಿಂತಿದ್ದೆ.

ಗಂಗಾಂಬಿಕೆಗೆ ಹಾಸನದ ಟ್ರೈನಿಂಗಿನಿಂದ ಕಾಗದ ಬಂದಿತ್ತು. ಜುಲೈ ಮುಗಿಯುವುದರೊಳಗೆ ಪಾಸಾದ ದಾಖಲೆ ತೋರಿಸಿದರೆ ಸೀಟು, ಇಲ್ಲದಿದ್ದರೆ ಇಲ್ಲ. ಅವಳು ವಾರಕ್ಕೆರಡು ಸಲ ಜಾವಗಲ್ಲಿನಿಂದ ಬಸ್ಸಿನಲ್ಲಿ ಬಂದು ಶಾಲೆಯ ಜಗಲಿಯಲ್ಲಿ ಕೂತು, ಟಪಾಲು ಬಂದ ಮೇಲೆ ಎದ್ದು ಹೋಗುತ್ತಿದ್ದಳು.

ವಿಚಾರಣೆಗೆ ಹಾಸನದಿಂದ ಒಬ್ಬ ಅಧಿಕಾರಿ ಬಂದದ್ದು ಜುಲೈ ಮೂರನೇ ವಾರದಲ್ಲಿ. ಅವರನ್ನು ಸ್ಟೇಷನ್ನಿನಲ್ಲಿ ಎದುರುಗೊಳ್ಳಲು ಹೆಡ್‌ಮಾಸ್ಟರು ನನ್ನನ್ನೇ ಕಳಿಸಿದರು. ಜಿನುಗು ಮಳೆ. ಅಧಿಕಾರಿ ಇಳಿದರು. ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆಗಳಿದ್ದ ಚರ್ಮದ ಚೀಲವನ್ನು ಎದೆಗೆ ಒತ್ತಿ ಹಿಡಿದಿದ್ದರು. ದಾರಿಯುದ್ದಕ್ಕೂ ಅದನ್ನೇ ಓದಿಕೊಂಡು ಬಂದಿರಬೇಕು, ಒಂದು ಹಾಳೆ ಇನ್ನೂ ಹೊರಗಿತ್ತು. ಅವರ ಕಬ್ಬಿಣದ ಟ್ರಂಕು ಡಬ್ಬಿಯ ಒಳಗೆ ಉಳಿದಿತ್ತು. ನಾನು ಅದಕ್ಕೆ ಕೈ ಹಾಕುವಷ್ಟರಲ್ಲಿ, “ಬಿಡಿ ಸಾಮಿ, ನಮ್ಮ ಕೆಲಸ,” ಎನ್ನುತ್ತ ಬುಡನ್ ಸಾಬಿ ಬಂದ.

ಆ ಸ್ಟೇಷನ್ನಿನಲ್ಲಿ ಅವನನ್ನು ಕಾಣದ ದಿನವಿಲ್ಲ. ಎದೆಗಿಳಿದ ಬಿಳಿ ಗಡ್ಡ, ಎಡಗಾಲು ಎಳೆದು ಹಾಕುವ ನಡಿಗೆ, ತೋಳಿಗೆ ಹಿತ್ತಾಳೆಯ ಬಿಲ್ಲೆ. ಅವನು ಟ್ರಂಕನ್ನು ತಲೆಗೆ ಏರಿಸಿ, ವೆಯಿಟಿಂಗ್ ರೂಮಿನ ಬೆಂಚಿನವರೆಗೆ ಬಂದು, ಒಂದು ಮಂಡಿ ಬಗ್ಗಿಸಿ, ಹಾಲಿನ ಪಾತ್ರೆ ಇಳಿಸುವವನ ಹಾಗೆ ಸದ್ದಿಲ್ಲದೆ ಕೆಳಗಿಟ್ಟ.

ಅಧಿಕಾರಿ ನಿಂತಲ್ಲೇ ನಿಂತರು. ಕೈಯಲ್ಲಿದ್ದ ಹಾಳೆ ನೋಡಿದರು, ಅವನನ್ನು ನೋಡಿದರು.

“ಕಬ್ಬಿಣದ ಪೆಟ್ಟಿಗೆ ಕಣಪ್ಪ. ಅಷ್ಟು ಮೆತ್ತಗೆ ಯಾಕೆ ಇಟ್ಟೆ?”

“ಒಳಗೆ ಏನೈತೋ ಯಾರಿಗ್ಗೊತ್ತು ಸಾಮಿ. ಗಾಜಿದ್ರೆ?”

“ಎಷ್ಟು ವರ್ಷವಾಯ್ತು ಇಲ್ಲಿ?”

“ಈ ಸ್ಟೇಷನ್ನಿಗೆ ಕಾಲು ಕೊಟ್ಟೇ ಹದಿನೆಂಟು ವರ್ಷ ಆಯ್ತು.”

ಅವನು ಹೋದ ಮೇಲೆ ಅಧಿಕಾರಿ ಬೆಂಚಿನ ಮೇಲೆ ಕೂತು ಚೀಲ ಬಿಚ್ಚಿದರು. ಒಂದೊಂದೇ ಉತ್ತರಪತ್ರಿಕೆ ತೆಗೆದು ಅದೇ ಭಾಗ ಓದಿದರು. ಮಧ್ಯೆ ಮಧ್ಯೆ ತಲೆಯೆತ್ತಿ, ಪಾರ್ಸೆಲ್ ಆಫೀಸಿನ ಮುಂದೆ ಬೀಡಿ ಹಚ್ಚುತ್ತಿದ್ದ ಬುಡನ್ ಸಾಬಿಯ ಕಡೆ ನೋಡುತ್ತಿದ್ದರು. ಹನ್ನೊಂದೂ ಮುಗಿದ ಮೇಲೆ ನನ್ನ ವರದಿಗಳನ್ನು ತೆಗೆದರು.

“ಇವು ನಿಮ್ಮವೇ?”

“ಹೌದು ಸಾರ್.”

“ಕಾಗದ ಕೊಟ್ಟದ್ದು ಎಲ್ಲಿ?”

“ಈ ಬೆಂಚಿನ ಹತ್ತಿರವೇ.”

“ಆಗ ಇಲ್ಲಿ ಯಾರ್ಯಾರಿದ್ದರು?”

“ಪ್ಯಾಸೆಂಜರ್ ಬರೋ ಹೊತ್ತು ಸಾರ್. ಜನ ತುಂಬಿರ್ತಿದ್ರು. ಸ್ಟೇಷನ್ ಮಾಸ್ಟರೂ ಓಡಾಡ್ತಿರ್ತಿದ್ರು.”

“ಅದು ಇದರಲ್ಲಿ ಇಲ್ಲವಲ್ಲ.”

“ನೋಡಿದ್ದನ್ನ ಮಾತ್ರ ಬರೆಯಲು ಹೇಳಿದ್ದರು ಸಾರ್.”

“ಜನವನ್ನ ನೀವು ನೋಡಲಿಲ್ಲವೇ?”

ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿ ತಿಳಿಯಲು ಕೇಳಿದ ಹಾಗಿತ್ತು.

ಆ ಮಧ್ಯಾಹ್ನ ಆಚಾರ್ಯರು ಒಂದು ಬಿಸ್ಕತ್ತಿನ ಡಬ್ಬ ತಂದು ಮೇಜಿನ ಮೇಲೆ ಸುರಿದರು. ಅದರ ತುಂಬ ಹಳೆಯ ಇಂಗ್ಲಿಷ್ ಪತ್ರಿಕೆಗಳಿಂದ ಕತ್ತರಿಸಿದ ಚೂರುಗಳು. ಗಾರ್ಡು ಅವರ ಓರಗೆಯವನು; ಫಸ್ಟ್ ಕ್ಲಾಸಿನಲ್ಲಿ ಪ್ರಯಾಣಿಕರು ಬಿಟ್ಟುಹೋದ ಪತ್ರಿಕೆಗಳನ್ನು ಒಟ್ಟು ಮಾಡಿ ವಾರಕ್ಕೊಮ್ಮೆ ತಂದುಕೊಡುತ್ತಿದ್ದ. ಗುಣವಾಚಕ, ಕ್ರಿಯಾವಿಶೇಷಣ ಇದ್ದ ಕಡೆ ಆಚಾರ್ಯರೇ ಶಾಯಿ ಬಳಿದು, ಮಕ್ಕಳಿಂದ ತಕ್ಕ ಪದ ಹಾಕಿಸುತ್ತಿದ್ದರು. ಚೂರು ಒಂದೊಂದೇ ಇದ್ದದ್ದರಿಂದ ಇಂದು ಒಬ್ಬರಿಗೆ ಬಂದದ್ದು ನಾಳೆ ಇನ್ನೊಬ್ಬರಿಗೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯಬಾರದೆಂದು, ಹೇಳಬಾರದು ಎಂದಿದ್ದರು. ರೈಲಿಗೆ ಕಾಯುವ ಹೊತ್ತು ವ್ಯರ್ಥವಾಗಬಾರದೆಂದು ಸ್ಟೇಷನ್ನಿನಲ್ಲಿ. ಚೂರು ಮುಗಿದರೆ ಎದುರಿಗೆ ಕಾಣುವವರನ್ನು ತೋರಿಸಿ ವಾಕ್ಯ ಮಾಡಿಸುತ್ತಿದ್ದರು. ದಿನಾ ಎದುರಿಗೆ ಇರುತ್ತಿದ್ದವನು ಬುಡನ್ ಸಾಬಿ.

ಅಧಿಕಾರಿ ಹನ್ನೊಂದು ಜನರನ್ನೂ ದೂರ ದೂರ ಕೂರಿಸಿ, ಈಗ ಕೂತಿರುವ ಕೋಣೆಯ ಮೇಲೆ ಹತ್ತು ವಾಕ್ಯ ಬರೆಯಿರಿ ಎಂದರು. ಬರೆದರು. ಗಂಗಾಂಬಿಕೆ ಎಲ್ಲರಿಗಿಂತ ಮೊದಲು ಮುಗಿಸಿ ಕಾಗದ ಕೊಟ್ಟು, ಇವತ್ತೇ ಫಲಿತಾಂಶ ಸಿಗುತ್ತದೆಯೇ ಎಂದು ಕೇಳಿದಳು. ವರದಿ ಮೇಲಕ್ಕೆ ಹೋಗಬೇಕಮ್ಮ ಎಂದರು ಅಧಿಕಾರಿ.

ಫಲಿತಾಂಶ ಬಿಡುಗಡೆಯಾದದ್ದು ಆಗಸ್ಟ್ ಎರಡನೇ ವಾರದಲ್ಲಿ. ಒಂಬತ್ತು ಜನ ಪಾಸು, ಇಬ್ಬರು ಫೇಲು. ಫೇಲಾದವರು ಲೆಕ್ಕದಲ್ಲಿ ಹೋಗಿದ್ದರು. ಗಂಗಾಂಬಿಕೆಗೆ ಇಂಗ್ಲಿಷಿನಲ್ಲಿ ಶಾಲೆಗೇ ಹೆಚ್ಚು ಅಂಕ. ಅಷ್ಟರಲ್ಲಿ ಹಾಸನದ ಸೀಟುಗಳು ತುಂಬಿದ್ದವು. ಅವಳು ಆ ವರ್ಷ ಮಂಡಿಯಲ್ಲಿ ಕೂತಳು. ಸೆಪ್ಟೆಂಬರಿನಲ್ಲಿ ಆಚಾರ್ಯರಿಗೆ ದೂರದ ತಾಲೂಕಿಗೆ ವರ್ಗವಾಯಿತು. ಆದೇಶದಲ್ಲಿ ಕಾರಣ ಇರಲಿಲ್ಲ. ನನಗೆ ಅದೇ ತಿಂಗಳು ಕಾಯಂ ಆಯಿತು.

ಅವರು ಹೊರಟ ದಿನ ನಾನು ಸ್ಟೇಷನ್ನಿಗೆ ಹೋಗಿದ್ದೆ. ಆಪಾದನೆಯ ಮೆಮೋ ಜೊತೆ ಅವರಿಗೆ ನನ್ನ ವರದಿಗಳ ನಕಲು ಕೊಟ್ಟಿದ್ದರು, ಆದರೆ ಬರೆದವರ ಹೆಸರು ತೆಗೆದು, ಟೈಪು ಮಾಡಿಸಿ ಕೊಟ್ಟಿದ್ದರು. ಹಾಗಾಗಿ ಅವರಿಗೆ ಗೊತ್ತಿಲ್ಲ ಎಂಬ ಧೈರ್ಯ ನನಗಿತ್ತು. ಬುಡನ್ ಸಾಬಿ ಸಾಮಾನು ಏರಿಸಿದ. ಆಚಾರ್ಯರು ಕಿಟಕಿಯ ಪಕ್ಕ ಕೂತು ಕೊಡೆಯನ್ನು ಕಾಲ ಸಂದಿಗೆ ಇಟ್ಟುಕೊಂಡರು.

“ಮೂರ್ತಿಗಳೇ, ನಿಮ್ಮ ಇಂಗ್ಲಿಷ್ ಚೊಕ್ಕವಾಗಿದೆ,” ಎಂದರು. “ಒಂದು ತಪ್ಪೂ ಇಲ್ಲ.”

ನಾನು ಅವರ ಮುಂದೆ ಎಂದೂ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿರಲಿಲ್ಲ. ಗಾಡಿ ಹೊರಟಿತು. ಮುಂದಿನ ಬೇಸಿಗೆಗೆ ನಾನು ಕಾಯಂ ಕೆಲಸ ಬಿಟ್ಟು ಬೆಂಗಳೂರಿನ ಒಂದು ಪತ್ರಿಕೆ ಸೇರಿದೆ. ಅಲ್ಲಿಯ ಮುಖ್ಯ ಉಪಸಂಪಾದಕರು ಮೊದಲ ದಿನವೇ ವಿಶೇಷಣ ಹೊಡೆದುಹಾಕುವುದನ್ನು ಕಲಿಯಿರಿ ಎಂದರು. ನಾನು ಬೇಗ ಕಲಿತೆ ಎಂದು ಹೊಗಳಿದರು.

ಕಳೆದ ಫೆಬ್ರವರಿಯಲ್ಲಿ, ಕೊಬ್ಬರಿ ಚೀಲಗಳ ಪಕ್ಕದ ಆ ಬೆಂಚಿನಲ್ಲಿ ಒಬ್ಬ ಹೆಂಗಸು ತೊಡೆಯ ಮೇಲೆ ಕಟ್ಟು ಇಟ್ಟುಕೊಂಡು ಕೆಂಪು ಪೆನ್ನಿನಿಂದ ತಿದ್ದುತ್ತಿದ್ದರು. ನನ್ನನ್ನು ಎರಡು ಸಲ ನೋಡಿ, “ಲೆಕ್ಕದ ಮೇಷ್ಟ್ರಲ್ಲವೇ?” ಎಂದರು. ಗಂಗಾಂಬಿಕೆ. ಆಕೆಯ ತಂದೆ ಮಾರನೇ ವರ್ಷ ಮಾತು ಉಳಿಸಿಕೊಂಡಿದ್ದ. ಟ್ರೈನಿಂಗ್ ಮುಗಿಸಿ, ಕೆಲಸದಲ್ಲಿದ್ದೇ ಬಿ.ಎ., ಬಿ.ಎಡ್. ಮಾಡಿ, ಈಗ ಒಂದು ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ಒಂದು ವರ್ಷದ ಸೀನಿಯಾರಿಟಿ ಕಡಿಮೆ ಬಿದ್ದದ್ದಕ್ಕೆ ಬಡ್ತಿ ಬಹಳ ತಡವಾಯಿತು ಎಂದರು. ಬುಡನ್ ಸಾಬಿ, ಗುರುಶಾಂತಪ್ಪ ಇಬ್ಬರೂ ಹೋಗಿ ಎಷ್ಟೋ ವರ್ಷವಾಗಿತ್ತು. ಆಚಾರ್ಯರು ನಿವೃತ್ತರಾಗಿ ಬೇಲೂರಿನಲ್ಲಿ ತೀರಿಕೊಂಡರಂತೆ. ಕೊನೆಯವರೆಗೂ ಈಕೆ ಹೋಗಿ ನೋಡಿಬರುತ್ತಿದ್ದರು.

ಕಟ್ಟಿನ ಮೇಲಿದ್ದದ್ದು ಸೈಕ್ಲೊಸ್ಟೈಲ್ ಮಾಡಿದ ಇಂಗ್ಲಿಷ್ ಅಭ್ಯಾಸದ ಹಾಳೆ. ಉಪಾಧ್ಯಾಯರು (ಖಾಲಿ ಜಾಗ) ಪ್ಲಾಟ್‌ಫಾರಂನಲ್ಲಿ ವಿದ್ಯಾರ್ಥಿಗಳಿಗೆ ಕಾಗದ ಕೊಟ್ಟರು. ಗಾರ್ಡು ಅವರಿಗೆ (ಖಾಲಿ ಜಾಗ) ಲಕೋಟೆ ಕೊಟ್ಟ. ಉಪಾಧ್ಯಾಯರು ಒಂದು ಮನೆಯಿಂದ (ಖಾಲಿ ಜಾಗ) ಗಂಟು ಪಡೆದರು. ತಕ್ಕ ಗುಣವಾಚಕ ಅಥವಾ ಕ್ರಿಯಾವಿಶೇಷಣ ತುಂಬಿರಿ.

“ಆಚಾರ್ ಮೇಷ್ಟ್ರು ಕೊಟ್ಟಿದ್ದು ಸಾರ್,” ಎಂದರು ಆಕೆ. “ಎಲ್ಲಿಂದ ತಂದ್ರೋ ಹೇಳಲಿಲ್ಲ. ವಾಕ್ಯ ಎಲ್ಲ ಸರಿಯಾಗಿದೆ, ಏನೂ ಕಾಣಲ್ಲ, ಅದಕ್ಕೇ ಪಾಠಕ್ಕೆ ಒಳ್ಳೇದು ಅಂತಿದ್ರು. ಪ್ರತಿ ವರ್ಷ ಇದನ್ನೇ ಕೊಡ್ತೀನಿ.”

ಆಮೇಲೆ, ಮೂಗರ್ಜಿ ಬರೆದವರು ಯಾರೆಂದು ಗೊತ್ತಾಯಿತೇ ಎಂದು ಕೇಳಿದರು. ಇಲ್ಲ ಎಂದೆ. ತಮಗೆ ಮೊದಲಿನಿಂದಲೂ ಒಬ್ಬರ ಮೇಲೆ ಅನುಮಾನ ಎಂದರು. ಯಾರೆಂದು ಹೇಳಲಿಲ್ಲ. ಆ ದಿನ ಜಗಲಿಯಲ್ಲಿ ನೋಡಿದ ಹಾಗೆಯೇ ನನ್ನ ಮುಖ ನೋಡಿದರು. ಅಷ್ಟರಲ್ಲಿ ಹಾಸನದ ಗಾಡಿ ಬಂತು. ಆಕೆ ಕಟ್ಟು ಎತ್ತಿಕೊಂಡು ಹತ್ತಿದರು. ನೋಡಲು ತೆಗೆದುಕೊಂಡಿದ್ದ ಒಂದು ಹಾಳೆ ನನ್ನ ಕೈಯಲ್ಲೇ ಉಳಿಯಿತು.

ಅದು ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿಯದು. ಮೊದಲನೇ ಖಾಲಿ ಜಾಗದಲ್ಲಿ ಅವಳು ‘ಸೀಕ್ರೆಟ್ಲಿ’ ಎಂದು ತುಂಬಿದ್ದಾಳೆ. ಪಕ್ಕದಲ್ಲಿ ಕೆಂಪು ಶಾಯಿಯ ಸರಿ ಗುರುತು ಇದೆ.